ಸಿಟ್ಟಿನ ತರಗತಿಯಲ್ಲಿ ಹುಲಗೇಶ

ನೆರೆರಾಜ್ಯದ ಐಟಿ ಬಡಾವಣೆ ಗಚ್ಚಿಬೌಲಿಯಲ್ಲಿ ದಿನಬೆಳಗಾದರೆ ಹೊಸ ಕಂಪನಿ ತೆರೆಯುತ್ತಿದ್ದ ಕಾಲ. ಆ ಕಂಪನಿಗಳ ಹುಡುಗರನ್ನು ಕ್ಯಾಬ್‌ನಲ್ಲಿ ಒಯ್ಯುತ್ತಿದ್ದ ಲಿಂಗಸುಗೂರಿನ ಹುಲಗೇಶ, ಅಡ್ಡ ಬಂದ ಆಟೋದವನ ಹಲ್ಲು ಮುರಿದಿದ್ದ. ಮನೆಯಲ್ಲಿ ಹೆಂಡತಿ ದಾನೇಶ್ವರಿಯ ಕೈಯನ್ನೂ ಮುರಿದ. ಅವಳು ಅಣ್ಣನ ಮನೆ ಸೇರಿ, "ಆಸ್ಪತ್ರ್ಯಾಗ ಸಿಟ್ಟಿನ ಪಾಠ ಕಲತ್ರ ವಾಪಸ್ ಬರೋ ವಿಚಾರ ಮಾಡ್ತೀನಿ" ಎಂದಳು.

ಹೀಗೆ ಅವನು ಆಸ್ಪತ್ರೆಯ ಭಾನುವಾರದ ಸಿಟ್ಟಿನ ತರಗತಿಗೆ ಬಂದ. ಪಾಠ ಹೇಳುವ ಡಾಕ್ಟರಮ್ಮನ ಹಿಂದಿಯನ್ನು ನಮ್ಮ ಕಡೆಯವರಿಗಾಗಿ ಕನ್ನಡಕ್ಕೆ ತಿರುಗಿಸುವ ಪುಕ್ಕಟೆ ಕೆಲಸ ನನ್ನದು. ನನ್ನ ಹಿಂದಿ ಕೇಳಿ ಶಾಂತರಿಗೂ ಸಿಟ್ಟು ಬರುತ್ತಿದ್ದುದರಿಂದ ನಾನು ಬಾಗಿಲ ಹತ್ತಿರವೇ ಕೂರುತ್ತಿದ್ದೆ.

ಸಿಟ್ಟು ಏರುವ ಮೊದಲೇ ಮೈ ಸುಳಿವು ಕೊಡುತ್ತದೆ, ಅದನ್ನು ಗುರುತಿಸಿ ಜಾಗ ಬಿಡಬೇಕು ಎಂದರು ಡಾಕ್ಟರಮ್ಮ.

"ನನಗ ಸುಳಿವು ಗಿಳಿವು ಇಲ್ರಿ," ಎಂದ ಹುಲಗೇಶ. "ಸಿಡ್ಲ ಬಡದಂಗ ಬರ್ತೈತಿ. ಏನ್ ಮಾಡಾಕತ್ತೀನಿ ಅನ್ನೋದ ಗೊತ್ತಾಗಂಗಿಲ್ಲ."

ಅಂದು ಮನೆಯವರನ್ನೂ ಕರೆಸಿದ್ದರು. ದಾನೇಶ್ವರಿ ಪ್ಲಾಸ್ಟರಿನ ಕೈ ತೊಡೆಯ ಮೇಲಿಟ್ಟುಕೊಂಡು ಹೇಳಿದಳು: "ಸುಳ್ಳ್ರಿ ಮೇಡಂ. ಹೊಡ್ಯೋಕಿಂತ ಮೊದಲ ವಾಚ್ ಬಿಚ್ಚಿ ಟಿವಿ ಮ್ಯಾಲ ಇಡ್ತಾರ. ಅದು ಒಡೀಬಾರದಲ್ರಿ!"

"ಬಾಯಿ ಮುಚ್ಚಲೇ!" ಹುಲಗೇಶ ಕುರ್ಚಿ ಒದ್ದು ಎದ್ದ. ಕುರ್ಚಿ ನೇರ ನನ್ನ ಮೊಣಕಾಲಿಗೆ ಬಡಿಯಿತು. ಅವನ ಬಲಗೈ ಆಗಲೇ ವಾಚಿನ ಪಟ್ಟಿ ಬಿಚ್ಚುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದುದು ಕಂಡು ಅವನೂ ನೋಡಿಕೊಂಡ. ಪಟ್ಟಿ ಅರ್ಧಕ್ಕೇ ಬಿಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

"ಜಾಗ ಬಿಟ್ಟನಲ್ವಾ, ಒಂದು ಪಾಠ ಕಲಿತ ಹಾಗಾಯ್ತು," ಎಂದೆ, ಮೊಣಕಾಲು ತಿಕ್ಕುತ್ತ, ದೊಡ್ಡ ಮನುಷ್ಯನ ಹಾಗೆ.

"ಹೌದ್ರಿ ಅಣ್ಣಾರ," ಎಂದಳು ದಾನೇಶ್ವರಿ. "ಉಳದದ್ದೂ ಕಲೀಲಿ. ಅಲ್ಲೀತನಕ ನಾ ಅಣ್ಣನ ಮನ್ಯಾಗ ಇರ್ತೀನಿ."