ಹಣೆಯ ಬಿಳಿ ಪಟ್ಟೆ

ಓಪಲ್ ಸ್ಟಾಗ್ಸ್‌ಗೆ ಅಳುವುದಕ್ಕೇ ಬರುತ್ತಿರಲಿಲ್ಲ. ನಟಿಯಾದವಳಿಗೆ ಇದಕ್ಕಿಂತ ದೊಡ್ಡ ಕೊರತೆ ಬೇಕೆ? ಬೇಕರ್ಸ್‌ಫೀಲ್ಡಿನ ಹೊಲಗಳಲ್ಲಿ ಅಪ್ಪ ಅಮ್ಮನ ಜೊತೆ ಹತ್ತಿ ಬಿಡಿಸುತ್ತ ಬೆಳೆದವಳು ಅವಳು. ಅಲ್ಲಿ ಅತ್ತರೆ ಬೆನ್ನಿಗೆ ಇನ್ನೊಂದು ಬೀಳುತ್ತಿತ್ತೇ ಹೊರತು ಕಣ್ಣೊರೆಸುವವರು ಯಾರೂ ಇರಲಿಲ್ಲ. ಆದರೆ ಕುದುರೆಯ ಮೇಲೆ ಕೂತಳೆಂದರೆ ನೋಡುವಂತಿರುತ್ತಿತ್ತು. ಟೆಲಿವಿಷನ್ನಿನವರಿಗೆ ಆಗ ಅಷ್ಟೇ ಸಾಕಿತ್ತು. ಯಾವ ಚಾನೆಲ್ ತಿರುಗಿಸಿದರೂ ಕೌಬಾಯ್ ಕಥೆಗಳೇ ಬರುತ್ತಿದ್ದ ಕಾಲ ಅದು. ನ್ಯೂಹಾಲಿನ ಗುಡ್ಡಗಳ ಬುಡದಲ್ಲಿ, ಮುಂದೆ ಹಲಗೆ ಹಿಂದೆ ಬಯಲು ಎಂಬಂಥ ಸುಳ್ಳು ಊರೊಂದನ್ನು ನಿಲ್ಲಿಸಿ, ಅದರಲ್ಲಿ ಓಪಲ್‌ಳನ್ನು ದನದ ಸಾಹುಕಾರನ ಮಗಳನ್ನಾಗಿ ಮಾಡಿದರು. ಅವಳಿಗೊಂದು ಕುದುರೆ ಕೊಟ್ಟರು. ಹೆಸರು ಜೂಬಿಲಿ. ಕಂದು ಮೈ, ಹಣೆಯಿಂದ ಮೂಗಿನ ತನಕ ಉದ್ದನೆಯ ಬಿಳಿ ಪಟ್ಟೆ.

ಜೂಬಿಲಿ ಎಂಬ ಕುದುರೆ ಇರಲೇ ಇಲ್ಲ. ಇದ್ದದ್ದು ಎರಡು. ಕ್ಯಾಮೆರಾದ ಹತ್ತಿರ ಮುಖ ತೋರಿಸಲು ಕ್ಲೈಡ್, ಬೀಳಲು ಎಲ್ಮರ್. ಕ್ಲೈಡ್ ಸಾಧು, ದೀಪಕ್ಕೂ ಗದ್ದಲಕ್ಕೂ ಜಗ್ಗದವನು, ಆದರೆ ಅವನ ಹಣೆ ಬೋಳು ಕಂದು. ಬಿಳಿ ಪಟ್ಟೆಯನ್ನು ಹುಟ್ಟಿನಿಂದಲೇ ತಂದವನು ಎಲ್ಮರ್. ಹಾಗಾಗಿ ಲಾಯದ ಮೇಸ್ತ್ರಿ ಡೆಲ್ ಕ್ರೌಚ್ ಪ್ರತಿದಿನ ಬೆಳಿಗ್ಗೆ ಕ್ಲೈಡನ ಹಣೆಗೆ ಬಿಳಿ ಬಣ್ಣ ಬಳಿಯುತ್ತಿದ್ದ.

"ನಿಂಗೆ ಮೇಕಪ್ಪು, ಇವನಿಗೂ ಮೇಕಪ್ಪು," ಎಂದು ಓಪಲ್‌ಳನ್ನು ರೇಗಿಸುತ್ತಿದ್ದ ಡೆಲ್. "ಎಲ್ಮರ್ ಒಬ್ನೇ ಕಣೆ ಹುಡುಗಿ, ಈ ಕಂಪನೀಲಿ ಸ್ವಂತ ಮುಖ ಇಟ್ಕೊಂಡಿರೋನು."

ಬೀಳುವುದು ಎಲ್ಮರನ ವಿದ್ಯೆ. ನಾಗಾಲೋಟದಲ್ಲಿ ಓಡುತ್ತಿರುವಾಗ ಲಗಾಮನ್ನು ಒಂದು ಬದಿಗೆ ಎಳೆದರೆ ಸಾಕು, ಭುಜ ಕೊಟ್ಟು ದೊಪ್ಪನೆ ಉರುಳುತ್ತಿದ್ದ. ಉರುಳಿದವನು ಸತ್ತಂತೆ ಬಿದ್ದಿರುತ್ತಿದ್ದ. ಡೆಲ್ ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹೊಡೆಯುವ ತನಕ ಕಿವಿ ಕೂಡ ಆಡಿಸುತ್ತಿರಲಿಲ್ಲ. ಅವನು ಬೀಳುವ ಜಾಗವನ್ನು ಡೆಲ್ ತಾನೇ ನಿಂತು ಅಗೆಸಿ, ಮರಳು, ಮರದ ಹೊಟ್ಟು ತುಂಬಿ ಹಾಸಿಗೆಯ ಹಾಗೆ ಮೆತ್ತಗೆ ಮಾಡುತ್ತಿದ್ದ. ಅದು ಎಲ್ಮರನಿಗೂ ಡೆಲ್‌ಗೂ ನಡುವಿನ ಒಪ್ಪಂದ. ಎಲ್ಮರ್ ಅದನ್ನು ನಂಬಿದ್ದ.

ಮೂರನೆಯ ವರ್ಷದ ಕಥೆಯೊಂದರಲ್ಲಿ ಒಡತಿಗೆ ಬೀಳಬೇಕಾದ ಗುಂಡನ್ನು ಜೂಬಿಲಿ ತಾನು ತಿಂದು ಉರುಳಬೇಕಿತ್ತು. ನೆಲ ಅಗೆದಾಗಿತ್ತು. ಕೊನೆಗಳಿಗೆಯಲ್ಲಿ ನಿರ್ದೇಶಕನ ಕಣ್ಣು ದೂರದ ಓಕ್ ಮರದ ಮೇಲೆ ಬಿತ್ತು.

"ಬೆಳಕು ಅಲ್ಲಿ ಚೆನ್ನಾಗಿದೆ. ಅಲ್ಲೇ ಬೀಳಿಸಿ."

"ಅಲ್ಲಿ ಅಗೆದಿಲ್ಲ ಸಾರ್," ಎಂದ ಡೆಲ್. "ನೆಲ ಕಲ್ಲಾಗಿದೆ."

"ಒಂದೇ ಸಲ ತಾನೆ? ಬಿಸಿಲು ಇಳೀತಾ ಇದೆ ಮಾರಾಯ. ನಿನ್ನ ಕುದುರೇನು ಗಾಜಿನದ್ದಾ?"

ಓಪಲ್‌ಳ ಬದಲಿಗೆ ಬೀಳಲೆಂದು ಅವಳ ಲಂಗ, ಅವಳ ಕೂದಲಿನಂಥ ವಿಗ್ ತೊಟ್ಟ ಮೀಸೆಯ ಗಂಡಸೊಬ್ಬ ಎಲ್ಮರನನ್ನು ಓಡಿಸಿಕೊಂಡು ಬಂದು ಲಗಾಮು ಎಳೆದ. ಎಲ್ಮರ್ ಬಿದ್ದ. ಬೀಳದೆ ಇರುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಗಟ್ಟಿ ನೆಲಕ್ಕೆ ಎಲುಬು ಬಡಿದ ಸದ್ದು ದೂರದವರಿಗೂ ಕೇಳಿಸಿತು. ಮೀಸೆಯವನು ಪಕ್ಕಕ್ಕೆ ಸರಿದ, ಓಪಲ್ ಓಡಿಬಂದು ಕುದುರೆಯ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಎಲ್ಮರ್ ಅಲುಗಲಿಲ್ಲ. ಆದರೆ ಅವನ ಚರ್ಮ ಮಾತ್ರ ಚಳಿ ಹಿಡಿದಂತೆ ನಡುಗುತ್ತಿತ್ತು, ಅಷ್ಟು ನೋವಿನಲ್ಲೂ ಅವನ ಕಣ್ಣು ಡೆಲ್ ಎಲ್ಲಿದ್ದಾನೆಂದು ಹುಡುಕುತ್ತಿತ್ತು. ಓಪಲ್ ಅತ್ತಳು. ಹೊಟ್ಟೆಯ ಆಳದಿಂದ, ಮೂಗು ಸುರಿಸಿಕೊಂಡು, ವಿಕಾರವಾಗಿ ಅತ್ತಳು.

"ಅಬ್ಬಾ! ಏನು ನಟನೆ!" ಎಂದ ನಿರ್ದೇಶಕ. ಕ್ಯಾಮೆರಾ ನಿಂತಿತು. ಆಮೇಲೆ ಡೆಲ್ ಸಿಳ್ಳೆ ಹೊಡೆದ. ಎಲ್ಮರ್ ಏಳಲು ಹೋಗಿ ಕುಸಿದ. ಮತ್ತೆ ಹೋಗಿ ಮತ್ತೆ ಕುಸಿದ. ಕೊನೆಗೆ ಎದ್ದಾಗ ಮುಂಗಾಲೊಂದನ್ನು ನೆಲಕ್ಕೆ ಊರಲಿಲ್ಲ.

ಆ ದೃಶ್ಯದಿಂದ ಓಪಲ್‌ಳ ಹೆಸರು ಮನೆಮಾತಾಯಿತು. ಮೂಟೆಗಟ್ಟಲೆ ಪತ್ರ ಬಂದವು. ಎಲ್ಮರನಿಗೆ ಕುಂಟು ಬಂತು. ಆದರೂ ಬಿಟ್ಟರೇ? ಸ್ವಲ್ಪ ವಾಸಿಯಾಗುತ್ತಲೇ ಮತ್ತೆ ಬೀಳಿಸಿದರು. ಅವನ ಬೆಲೆ ಇದ್ದದ್ದೇ ಬೀಳುವುದರಲ್ಲಿ. ಓಪಲ್ ಮನಸ್ಸಿನಲ್ಲೇ ಒಂದು ನಿಶ್ಚಯ ಮಾಡಿದಳು: ಈ ಧಾರಾವಾಹಿ ಮುಗಿದ ದಿನ ಎಲ್ಮರ್ ತನ್ನ ಮನೆಗೆ ಬರಬೇಕು, ಇನ್ನೆಂದೂ ಬೀಳಬಾರದು. ಆಗ್ವಾ ಡಲ್ಸೆಯ ಕಡೆ ಒಂದು ತುಂಡು ಭೂಮಿ ಕೊಂಡಳು. ಬೇರೆ ನಟಿಯರು ಈಜುಕೊಳ ತೋಡಿಸುತ್ತಿದ್ದಾಗ ಇವಳು ಲಾಯ ಕಟ್ಟಿಸಿ, ಮೊಣಕಾಲು ಮುಳುಗುವಷ್ಟು ಹುಲ್ಲು ಹಾಸಿಸಿದಳು.

ಧಾರಾವಾಹಿ ನಿಲ್ಲುವ ಸುದ್ದಿ ಬಂದಾಗ ನಿರ್ಮಾಪಕ ವೆಕ್ಸ್ಲರನ ಹತ್ತಿರ ಹೋಗಿ ನೇರವಾಗಿ ಕೇಳಿದಳು. "ನಂಗೆ ಎಲ್ಮರ್ ಬೇಕು. ಬೀಳೋ ಕುದುರೆ. ಕ್ಲೈಡ್ ಅಲ್ಲ."

"ಕುದುರೆ ತಾನೆ ಚಿನ್ನ? ತಗೊಂಡ್ಹೋಗು," ಎಂದ ಅವನು ಸಿಗಾರಿನ ಹೊಗೆಯ ಹಿಂದಿನಿಂದ.

ಅವಳಿಗೆ ಗೊತ್ತಿಲ್ಲದಂತೆ ಅದೊಂದು ಸಮಾರಂಭವೇ ಆಗಿಹೋಯಿತು. ಪತ್ರಿಕೆಯವರು ಬಂದರು, ಬ್ಯಾಂಡಿನವರು ಬಂದರು. ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿದ ಕುದುರೆಯನ್ನು ಬೀದಿಯ ತುದಿಯಿಂದ ನಡೆಸಿಕೊಂಡು ಬಂದರು. ಹಣೆಯಲ್ಲಿ ಬಿಳಿ ಪಟ್ಟೆ ಥಳಥಳಿಸುತ್ತಿತ್ತು. ನಡಿಗೆಯಲ್ಲಿ ಕುಂಟಿಲ್ಲ. ಕ್ಲೈಡ್. ಅಷ್ಟು ದೂರದಿಂದಲೇ ಓಪಲ್‌ಗೆ ಗೊತ್ತಾಯಿತು. ಬಾಯಿ ತೆರೆದಳು.

"ಈ ಕಡೆ ಓಪಲ್! ನಗಬೇಕು! ತಬ್ಬಿಕೊಳ್ಳಿ!" ಎಂದು ಕೂಗಿದರು ಫೋಟೋದವರು.

ಶಾಟ್ ಕೆಡಿಸಬಾರದು. ಆ ಸುಳ್ಳು ಊರಿನಲ್ಲಿ ಎಲ್ಲರೂ ಕಲಿಯುವ ಮೊದಲ ಪಾಠ ಅದು, ಕೊನೆಯ ಪಾಠವೂ ಅದೇ. ಕಾಲಿಗೆ ಚೇಳು ಕಡಿದರೂ ಕ್ಯಾಮೆರಾ ನಿಲ್ಲುವ ತನಕ ನಿನ್ನ ಮುಖ ನಿನ್ನದಲ್ಲ. ಓಪಲ್ ಕ್ಲೈಡನನ್ನು ತಬ್ಬಿಕೊಂಡಳು. ನಗು ಕದಲದಂತೆ ಹಲ್ಲಿನ ಸಂದಿಯಲ್ಲೇ ವೆಕ್ಸ್ಲರನಿಗೆ ಹೇಳಿದಳು: "ಇದು ಎಲ್ಮರ್ ಅಲ್ಲ."

"ಕುಂಟು ಕುದುರೆ ಫೋಟೋಗೆ ನಿಲ್ಲಿಸೋಕಾಗುತ್ತಾ? ಸೋಮವಾರ ನೋಡೋಣ. ನಗ್ತಾ ಇರು."

ಸೋಮವಾರ ಅವಳು ಹೋದಾಗ ಲಾಯ ಖಾಲಿ. ಡೆಲ್ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ.

"ಎಲ್ಮರ್ ಎಲ್ಲಿ?"

"ಲಾಯ ಖಾಲಿ ಮಾಡು ಅಂದ್ರು. ಶನಿವಾರ ಲಾರಿ ಬಂತು." ಅವನು ತಲೆ ಎತ್ತಲಿಲ್ಲ. "ನಾಯಿ ಊಟದ ಡಬ್ಬಿ ಮಾಡ್ತಾರಲ್ಲ, ಅವರ ಲಾರಿ. ನೀನು ಎಲ್ಮರನ್ನ ಕೇಳಿದ್ದೆ ಅಂತ ನಂಗ್ಯಾರೂ ಹೇಳಲಿಲ್ಲವಲ್ಲೇ. ಕ್ಲೈಡನ್ನ ತಬ್ಕೊಂಡು ಅಷ್ಟು ನಗ್ತಿದ್ಯಲ್ಲ, ಅವನೇ ಬೇಕಾಗಿರ್ಬೇಕು ಅಂದ್ಕೊಂಡೆ."

"ನಾನು ಫೋಟೋ ತೆಗೆಸ್ಕೋತಿದ್ದಾಗ ಅವನೆಲ್ಲಿದ್ದ?"

"ಇಲ್ಲೇ. ಹಿಂದಿನ ಶೆಡ್ಡಲ್ಲಿ. ಒಂದು ಕೂಗು ಹಾಕಿದ್ರೆ ಕರ್ಕೊಂಡು ಬರ್ತಿದ್ದೆ."

ಅಲ್ಲಿಂದ ಮುಂದಿನ ಓಪಲ್ ಬೇರೆಯೇ ಹೆಂಗಸು. ಕಸಾಯಿಖಾನೆಯ ಗೇಟಿನ ಮುಂದೆ ನಿಂತು ಲಾರಿಗಳನ್ನು ತಡೆದಳು. ಶೂಟಿಂಗಿನ ಜಾಗಗಳಿಗೆ ಕರೆಯದೆ ಹೋಗಿ, ನೆಲ ಅಗೆದಿದ್ದಾರೋ ಇಲ್ಲವೋ ಎಂದು ಬೂಟಿನ ಹಿಮ್ಮಡಿಯಿಂದ ಗುದ್ದಿ ನೋಡಿದಳು. ಯಾರು ತಾನೆ ಇಂಥವಳಿಗೆ ಪಾತ್ರ ಕೊಟ್ಟಾರು? ಹಳೆಯ ಸ್ನೇಹಿತರು ಇವಳನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋದರು. ಅವಳ ಭೂಮಿಯಲ್ಲಿ ಮಾತ್ರ ಬೇಡವಾದ ಪ್ರಾಣಿಗಳೆಲ್ಲ ತುಂಬಿಕೊಂಡವು: ಸರ್ಕಸ್ಸಿನ ಕತ್ತೆ, ಕುರುಡು ಹೇಸರಗತ್ತೆ, ಬೆನ್ನು ಬಾಗಿದ ಮುದಿ ಕುದುರೆಗಳು. ಅವಕ್ಕೆಲ್ಲ ಮೇವು ಹುಟ್ಟಬೇಕಿತ್ತು.

ಹುಟ್ಟಿದ್ದು ಕ್ಲೈಡನಿಂದ. ಜೂಬಿಲಿಯನ್ನು ನೋಡಲು ಜನ ಬರುತ್ತಿದ್ದರು, ಕೈಲಾದ ಕಾಣಿಕೆ ಕೊಡುತ್ತಿದ್ದರು. ಮೊದಲ ವರ್ಷ ಫ್ರೆಸ್ನೋದಿಂದ ಬಂದ ಒಂದು ಮಗು ಕ್ಲೈಡನ ಬೋಳು ಹಣೆ ನೋಡಿ, "ಇದು ಜೂಬಿಲಿ ಅಲ್ಲ!" ಎಂದು ರಂಪ ಮಾಡಿತು. ಅದರಪ್ಪ ಮೋಸ, ದಗಲ್ಬಾಜಿ ಎಂದು ಬೈದು, ಕೊಟ್ಟ ಕಾಣಿಕೆಯನ್ನು ವಾಪಸು ಇಸಿದುಕೊಂಡು ಹೋದ. ಮಾರನೆಯ ವಾರ ಓಪಲ್‌ಳ ಜೊತೆಗಾತಿ ಮಾರ್ಜ್ ಬಿಳಿ ಬೂಟ್ ಪಾಲಿಶಿನ ಬಾಟಲಿ ತಂದು ಮೇಜಿನ ಮೇಲಿಟ್ಟಳು. ಓಪಲ್ ಬಾಟಲಿ ಎತ್ತಿಕೊಂಡು ಲಾಯಕ್ಕೆ ಹೋದಳು. ಅಲ್ಲಿಂದ ಪ್ರತಿ ವಸಂತದಲ್ಲೂ ಜನ ಬರುವ ದಿನ ಬೆಳಿಗ್ಗೆ, ಅವಳು ಕ್ಲೈಡನ ಹಣೆಯ ಮೇಲೆ ಎಲ್ಮರನ ಪಟ್ಟೆ ಬರೆಯುತ್ತಿದ್ದಳು.

ಕ್ಲೈಡನಿಗೆ ಮೂವತ್ತು ತುಂಬಿದ ವಸಂತದಲ್ಲಿ ಲಾಸ್ ಏಂಜಲೀಸಿನ ಒಂದು ಟಿವಿಯವರು ಬರುತ್ತೇವೆಂದರು. ಆ ಬೆಳಿಗ್ಗೆ ಓಪಲ್ ಪಾಲಿಶಿನ ಬಾಟಲಿಯನ್ನು ಮುಟ್ಟಲಿಲ್ಲ.

"ಪಟ್ಟೆ?" ಎಂದಳು ಮಾರ್ಜ್, ಕ್ಯಾರೆಟ್ ಕೇಕನ್ನು ಎರಡು ಕೈಯಲ್ಲಿ ಹಿಡಿದುಕೊಂಡು.

"ಇವತ್ತು ಶಾಟ್ ಕೆಡಿಸ್ತೀನಿ ಮಾರ್ಜ್."

"ಚಳಿಗಾಲದ ಮೇವಿಗೆ ಏನ್ ಮಾಡ್ತೀಯ?"

"ನಂಗೊತ್ತಿಲ್ಲ. ಆ ಕುದುರೆ ಸತ್ತಿದ್ದು ಒಬ್ಬರಿಗಾದ್ರೂ ಗೊತ್ತಾಗ್ಲಿ."

ಬೋಳು ಹಣೆಯ ಕ್ಲೈಡನನ್ನು ಹಿಡಿದುಕೊಂಡು ಜನರ ಮುಂದೆ ಬಂದಳು. ಇನ್ನೇನು ಯಾರಾದರೂ ಕೂಗುತ್ತಾರೆ, ಬೈಯುತ್ತಾರೆ. ಯಾರೂ ಕೂಗಲಿಲ್ಲ. ವಯಸ್ಸಾಗಿ ಕ್ಲೈಡನ ಮುಖವೆಲ್ಲ ಅಲ್ಲಲ್ಲಿ ನರೆತಿತ್ತು. "ಅಯ್ಯೋ, ನೋಡಿ ನೋಡಿ, ಅದೇ ಪಟ್ಟೆ!" ಎಂದಳು ಒಬ್ಬ ಹೆಂಗಸು. "ಸ್ವಲ್ಪ ಮಾಸಿದೆ ಅಷ್ಟೆ," ಎಂದ ಅವಳ ಗಂಡ.

ಓಪಲ್ ಮೈಕನ್ನು ಕೈಗೆ ತೆಗೆದುಕೊಂಡಳು. ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಎಲ್ಲವನ್ನೂ ಹೇಳಿದಳು. ಇವನು ಆ ಕುದುರೆಯಲ್ಲ. ಬಿದ್ದವನು ಎಲ್ಮರ್. ಅಗೆಯದ ನೆಲದ ಮೇಲೆ ಬೀಳಿಸಿದರು. ನೀವು ಮೆಚ್ಚಿದ ನನ್ನ ಕಣ್ಣೀರು ನಟನೆಯಲ್ಲ. ಅವನನ್ನು ನಾಯಿಗಳಿಗೆ ಹಾಕಿದರು, ಅವನು ಕೂಗಳತೆಯಲ್ಲಿದ್ದಾಗ ನಾನು ಫೋಟೋಗೆ ನಗುತ್ತಿದ್ದೆ.

ಜನ ಮುಖಮುಖ ನೋಡಿಕೊಂಡರು. ಅಮ್ಮನೊಬ್ಬಳು ಮಗುವಿನ ಕಿವಿ ಮುಚ್ಚಿದಳು. ಆಗ ಮುಂದಿನ ಸಾಲಿನಲ್ಲಿದ್ದ ಆಗಲೇ ತಲೆ ಬಕ್ಕವಾಗತೊಡಗಿದ್ದ ಗಂಡಸೊಬ್ಬ ಟೊಪ್ಪಿ ತೆಗೆದು ಎದ್ದು ನಿಂತ.

"ನಾನು ಎಂಟು ವರ್ಷದವನಿದ್ದಾಗ ಅವನು ಬಿದ್ದಿದ್ದು ನೋಡಿ ಅತ್ತಿದ್ದೆ ಅಮ್ಮಾ. ಮುಂದಿನ ವಾರ ಎದ್ದು ಬಂದ. ನಮ್ಮಪ್ಪ ಕೊರಿಯಾ ಯುದ್ಧದಿಂದ ವಾಪಸ್ ಬಂದಿರಲಿಲ್ಲ. ಜೂಬಿಲಿ ಬಂದ." ಅವನ ದನಿ ಒಡೆಯಿತು. "ಅದೊಂದನ್ನ ಕಿತ್ಕೋಬೇಡಿ. ದಯವಿಟ್ಟು."

ಓಪಲ್ ಮೈಕನ್ನು ಕೆಳಗಿಳಿಸಿದಳು. ಬಿಸಿಲಿಗೆ ದಣಿದ ಕ್ಲೈಡ್ ತಲೆಯನ್ನು ಅವಳ ಹೆಗಲ ಮೇಲೆ ಭಾರವಾಗಿ ಇಟ್ಟ. ಅವಳು ಬೀಳದಿರಲು ಅವನ ಕೊರಳನ್ನು ತಬ್ಬಿ ಹಿಡಿದಳು. ಜನ ಚಪ್ಪಾಳೆ ತಟ್ಟಿದರು.

"ಇದು ಚೆನ್ನಾಗಿದೆ," ಎಂದಳು ಟಿವಿಯ ಹುಡುಗಿ ಕ್ಯಾಮೆರಾದವನಿಗೆ. "ಇಷ್ಟು ಸಾಕು."

ಸಂಜೆಯ ಸುದ್ದಿಯಲ್ಲಿ ಬಂತು. ಮಾರ್ಜ್ ಬೀನ್ಸ್ ಬಡಿಸಿ ಪಕ್ಕದಲ್ಲಿ ಕೂತಳು. ಓಪಲ್ ಹೇಳಿದ ಒಂದು ಮಾತೂ ಇರಲಿಲ್ಲ. ತಬ್ಬಿಕೊಂಡದ್ದು ಇತ್ತು, ಕೇಕ್ ಇತ್ತು. "ಅಂದು ಒಡತಿಗಾಗಿ ಬಿದ್ದ ಜೂಬಿಲಿ ಇಂದೂ ಅವಳ ಹೆಗಲಿಗೆ ಹೆಗಲಾಗಿದ್ದಾನೆ," ಎಂದಿತು ಒಂದು ಇಂಪಾದ ಗಂಡು ದನಿ. ಹಿಂದೆಯೇ ಹಳೆಯ ತುಣುಕು ಬಂತು. ಓಕ್ ಮರ. ಓಡಿ ಬರುವ ಕುದುರೆ. ಎಲ್ಮರ್ ಗಟ್ಟಿ ನೆಲದ ಮೇಲೆ ಮತ್ತೆ ಬಿದ್ದ. ಅವನ ತಲೆ ಎತ್ತಿಕೊಂಡ ಎಳೆಯ ಹುಡುಗಿಯೊಬ್ಬಳು ಬಿಕ್ಕಿ ಬಿಕ್ಕಿ ಅತ್ತಳು.

ಓಪಲ್ ಡೆಲ್‌ನ ಹಾಗೆ ಎರಡು ಬೆರಳನ್ನು ತುಟಿಗಿಟ್ಟು ಊದಿದಳು. ಕಟ್ಟಿಸಿದ ಹಲ್ಲಿನ ಸಂದಿಯಿಂದ ಬರೀ ಗಾಳಿ ಬಂತು. ಪರದೆಯ ಮೇಲೆ ಆಗಲೇ ಸೋಪಿನ ಜಾಹೀರಾತು ಶುರುವಾಗಿತ್ತು.

"ಜನ ಇನ್ನೂ ಜಾಸ್ತಿ ಬರ್ತಾರೆ ಕಣೆ ಈ ಸಲ," ಎಂದಳು ಮಾರ್ಜ್, ಅವಳ ಮುಖ ನೋಡದೆ. "ಪಾಲಿಶ್ ಮುಗಿಯೋಕೆ ಬಂದಿದೆ. ನಾಳೆ ಊರಿಗೆ ಹೋದಾಗ ತರ್ತೀನಿ."

"ಎರಡು ಬಾಟಲಿ ತಾ," ಎಂದಳು ಓಪಲ್.