ಹೋಸಿಯತ್ ಅಮ್ಮನ ವೋಲ್ಗಾ, ಎರ್ಗಾಶ್ ಉಸ್ತಾ ಒತ್ತಿದ ಅಂಕಿ

ಬೆಳಗಿನ ಐದೂವರೆ. ಮರ್ಗಿಲಾನ್ ಬಜಾರಿನ ಹಿಂದಿನ ಓಣಿಯಲ್ಲಿ ರೊಟ್ಟಿಯ ಒಲೆಗಳು ಈಗಷ್ಟೇ ಹೊತ್ತಿಕೊಂಡಿವೆ. ಊರೆಲ್ಲ ಉಸ್ತಾ, ಅಂದರೆ ಕಸುಬಿನ ಗುರು, ಎಂದು ಕರೆಯುವ ಮೆಕ್ಯಾನಿಕ್ ಎರ್ಗಾಶ್ ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ ಹಿಡಿದು ಗ್ಯಾರೇಜಿನ ನೆಲದ ಮೇಲೆ ಕೂತಿದ್ದಾರೆ. ಎದುರಿಗೆ, ಮರದ ದಿಮ್ಮಿಗಳ ಮೇಲೆ, 1968ರ ವೋಲ್ಗಾ ಕಾರಿನಿಂದ ಇಳಿಸಿದ ಎಂಜಿನ್ನು. ಅವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ನಾನು ಬಂದು ಅರ್ಧ ಗಂಟೆಯಾಯಿತು. ಬ್ರಷ್ ಇನ್ನೂ ಎಂಜಿನ್ನನ್ನು ಮುಟ್ಟಿಲ್ಲ.

ಪಕ್ಕದ ಅಂಗಳದ ಮದಮಿನ್ ಹಳೆಯ ಅಲ್ಯೂಮಿನಿಯಂ ಕರಗಿಸಿ ಪಲಾವಿನ ಕಡಾಯಿ ಎರಕ ಹೊಯ್ಯುವವರು. ಅವರ ತಲೆ ಗೋಡೆಯ ಮೇಲಿಂದ ಇಣುಕುತ್ತದೆ.

“ಏನ್ ಉಸ್ತಾ, ಮೂರು ದಿನದಿಂದ ಹೆಣ್ಣು ನೋಡೋಕೆ ಬಂದವರ ಹಾಗೆ ಅದರ ಮುಖಾನೇ ನೋಡ್ತಾ ಇದೀರಲ್ಲ? ಒಪ್ಪಿಗೆ ಇಲ್ಲ ಅಂದ್ರೆ ನನಗೆ ಕೊಡಿ. ಸಾಯಂಕಾಲದೊಳಗೆ ಎರಡು ಕಡಾಯಿ ಆಗುತ್ತೆ. ಕದ್ದ ಮಾಲಾದ್ರೂ ಪರವಾಗಿಲ್ಲ, ನಾನು ಕೇಳೋನಲ್ಲ.”

ತಮಾಷೆಗೆ ಅಂದ ಮಾತು. ಆದರೆ ಉಸ್ತಾ ಕೈಯಲ್ಲಿದ್ದ ಬಟ್ಟೆಯನ್ನು ತಟ್ಟನೆ ಎಂಜಿನ್ನಿನ ಪಕ್ಕೆಯ ಮೇಲೆ ಎಳೆಯುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನಗೆ ಕಂಡಿತು. ಕೇಳುವ ಧೈರ್ಯ ಆಗಲಿಲ್ಲ.

ಅರವತ್ತು ವರ್ಷದ ಎರ್ಗಾಶ್ ಉಸ್ತಾ ನಲವತ್ತೊಂದು ವರ್ಷದಿಂದ ಎಂಜಿನ್ ಕೆಲಸ ಮಾಡುತ್ತಿದ್ದಾರೆ. ತಿಂಗಳಿಗೆ ಆರೇಳು ಎಂಜಿನ್ನು ಕಟ್ಟುತ್ತಾರೆ. ಎಡಗಿವಿ ಕೇಳಿಸುವುದಿಲ್ಲ. ಕೋಲಿನ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿಗೂ ಇನ್ನೊಂದನ್ನು ಬಲಗಿವಿಗೂ ಒತ್ತಿಕೊಂಡು ಯಾವ ಬೇರಿಂಗ್ ಸವೆದಿದೆ ಎಂದು ಹೇಳಬಲ್ಲರು. ಮೊದಲು ಕೆಲಸಕ್ಕಿದ್ದ ಸರ್ಕಾರಿ ಗ್ಯಾರೇಜು ಮುಚ್ಚಿದಾಗ ಸ್ಪ್ಯಾನರುಗಳನ್ನು ಗೋಣಿಗೆ ತುಂಬಿಟ್ಟು ಎರಡು ವರ್ಷ ರಸ್ತೆ ಬದಿಯಲ್ಲಿ ಕರಬೂಜ ಮಾರಿದ್ದಾರೆ. ಈ ಊರಿನ ಮದುವೆಗಳಲ್ಲಿ ರಿಬ್ಬನ್ ಕಟ್ಟಿಕೊಂಡು ಮೆರೆಯುವ ಹಳೆಯ ಕಾರುಗಳಲ್ಲಿ ಅರ್ಧಕ್ಕರ್ಧ ಅವರ ಕೈಯಿಂದ ಓಡುತ್ತಿವೆ. ಗ್ಯಾರೇಜಿಗೆ ಒಂದು ಬೋರ್ಡೂ ಇಲ್ಲ.

ನಿಮ್ಮನ್ನು ಎಲೆಮರೆಯ ಕಾಯಿ ಎಂದು ಬರೆಯುತ್ತೇನೆ ಅಂದೆ. ಉಸ್ತಾ ಬ್ರಷ್ ಕೆಳಗಿಟ್ಟರು.

“ಕೆಲವು ಕಾಯಿ ಎಲೆ ಹಿಂದೆ ಅಡಗೋದು ಹುಳ ಹಿಡಿದಿರೋದಕ್ಕೆ, ತಂಗಿ.”

ಆಮೇಲೆ ಬಟ್ಟೆ ಸರಿಸಿದರು. ಜಿಡ್ಡು ಒರೆಸಿದ ಜಾಗದಲ್ಲಿ ಎಂಜಿನ್ ನಂಬರಿನ ಆರು ಅಂಕಿಗಳಿವೆ. ಅವುಗಳಲ್ಲಿ 4 ಎರಡು ಸಲ ಇದೆ, ಎರಡಕ್ಕೂ ಕಾಲಿನ ತುದಿಯಿಲ್ಲ.

“ಅಂಕಿ ಒತ್ತೋ ಅಚ್ಚುಗಳಲ್ಲಿ ನಾಲ್ಕರದ್ದು ಕಳೆದುಹೋಗಿತ್ತು. ಮುರಿದ ಅರದಲ್ಲಿ ನಾನೇ ಒಂದು ಮಾಡ್ಕೊಂಡಿದ್ದೆ. ತುದಿ ಚಕ್ಕೆ ಎದ್ದಿತ್ತು. ಇದು ಕಾರ್ಖಾನೆ ಒತ್ತಿದ್ದಲ್ಲ. ನಾನು ಒತ್ತಿದ್ದು.”

1986ರಲ್ಲಿ ಅವರಿಗೆ ಇಪ್ಪತ್ತೆರಡು. ಈ ಕಾರಿನ ಒಡತಿ ಹೋಸಿಯತ್ ಅಮ್ಮ ಸಣ್ಣ ರಿಪೇರಿಗೆಂದು ವೋಲ್ಗಾವನ್ನು ಸರ್ಕಾರಿ ಗ್ಯಾರೇಜಿಗೆ ಬಿಟ್ಟಿದ್ದರು. ಹತ್ತಿ ಬೆಳೆಯುವವರ ತಂಡದ ನಾಯಕಿಯಾಗಿ ದುಡಿದದ್ದಕ್ಕೆ ಸರ್ಕಾರ ಬಹುಮಾನವಾಗಿ ಕೊಟ್ಟ ಕಾರು. ಗ್ಯಾರೇಜಿನ ಮುಖ್ಯಸ್ಥ ಅದರ ಒಳ್ಳೆಯ ಎಂಜಿನ್ನನ್ನು ತನಗೆ ಬೇಕಾದವರೊಬ್ಬರ ಕಾರಿಗೆ ಹಾಕಿಸಿದ. ಬಿರುಕು ಬಿಟ್ಟ ಎಂಜಿನ್ನೊಂದನ್ನು ಅಮ್ಮನ ಕಾರಿಗೆ ಕೂರಿಸಿದರು. ಅಮ್ಮನ ಕಾರಿನ ಕಾಗದದಲ್ಲಿದ್ದ ಅಂಕಿಯನ್ನು ಅದರ ಮೇಲೆ ಒತ್ತು ಎಂದು ಎರ್ಗಾಶರಿಗೆ ಹೇಳಿದರು. ಅವರು ಒತ್ತಿದರು. “ಚೆನ್ನಾಗಿ ಒತ್ತಿದ್ದೀಯ ಅಂತ ಬೆನ್ನು ತಟ್ಟಿದ್ರು. ಖುಷಿಯಾಗಿತ್ತು ನನಗೆ. ಅದನ್ನ ನೆನೆಸಿಕೊಂಡ್ರೇ ಜಾಸ್ತಿ ನಾಚಿಕೆ.”

ಕಾರು ಮನೆಗೆ ಬಂದ ಎರಡು ವಾರಕ್ಕೆ ಅಮ್ಮನ ಗಂಡ, ಗಣಿತದ ಮೇಷ್ಟರು ಸೋಬಿರ್, ಗೆಳೆಯರನ್ನು ಕೂರಿಸಿಕೊಂಡು ಬೆಟ್ಟಕ್ಕೆ ಹೋದರು. ಏರಿನಲ್ಲಿ ಎಂಜಿನ್ನು ಕುದಿಯಿತು. ನೀರು ನೋಡದೆ ಓಡಿಸಿ ಹಾಳು ಮಾಡಿದರು ಎಂದು ಅಮ್ಮ ಕಾರಿನ ಕೀಲಿ ಕಿತ್ತುಕೊಂಡರು, ಎಂಜಿನ್ನಿಗೆ ತೇಪೆ ಹಾಕಿಸಿ ಮುಂದೆ ತಾವೇ ಓಡಿಸಿದರು. ಇದು ಓಣಿಗೆಲ್ಲ ಗೊತ್ತಿರುವ ಕಥೆ, ನಾನೂ ನಕ್ಕಿದ್ದೇನೆ. ಮೇಷ್ಟರು ತೀರಿಕೊಂಡು ಒಂಬತ್ತು ವರ್ಷವಾಯಿತು.

ಈಗ ಅಮ್ಮನ ಮೊಮ್ಮಗನ ಮದುವೆ, ಕೆಟ್ಟು ನಿಂತಿರುವ ಈ ಕಾರೇ ಅದಕ್ಕೆ ಬೇಕು. ಬೇರೆ ಎಂಜಿನ್ನು ಹಾಕಿಸಿ ಹಳೆಯದನ್ನು ಮದಮಿನ್‌ಗೆ ಕೊಟ್ಟರೆ ಸುಲಭ, ಖರ್ಚೂ ಕಮ್ಮಿ. ಅಮ್ಮ ಒಪ್ಪುತ್ತಿಲ್ಲ. ಬಹುಮಾನದ ಎಂಜಿನ್ನೇ ಓಡಬೇಕು, ಅದಕ್ಕಾಗಿ ಹಾಲು ಕೊಡುವ ಹಸುವನ್ನು ಭಾನುವಾರದ ಸಂತೆಯಲ್ಲಿ ಮಾರುತ್ತೇನೆ ಎನ್ನುತ್ತಿದ್ದಾರೆ. ಉಸ್ತಾ ಸುಮ್ಮನಿದ್ದರೆ ಕೆಲಸ ಸಿಗುತ್ತದೆ, ಹೆಸರೂ ಉಳಿಯುತ್ತದೆ.

ಒಂಬತ್ತು ಗಂಟೆಗೆ ಅಮ್ಮ ಬರುತ್ತಾರೆ. ಎಂಬತ್ತೊಂದು ವರ್ಷ, ನೆಟ್ಟಗಿನ ಬೆನ್ನು. ತಾವೇ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ.

“ಏನಪ್ಪಾ, ಇನ್ನೂ ಬಿಚ್ಚೇ ಇಲ್ಲ? ನಾನು ಸಾಯೋದನ್ನ ಕಾಯ್ತಿದೀಯಾ?”

“ಹಸು ಮಾರಬೇಡಿ ಅಮ್ಮಾ. ಇದು ನಿಮ್ಮ ಎಂಜಿನ್ ಅಲ್ಲ.”

“ಅಂಕಿ ನಾನೇ ಓದಿದೀನಿ. ನನ್ನದೇ.”

“ಆ ಅಂಕಿ ಒತ್ತಿದವನು ನಾನು.”

ಉಸ್ತಾ ಎಲ್ಲವನ್ನೂ ಹೇಳುತ್ತಾರೆ. ದೊಡ್ಡವರು ಹೇಳಿದರು ಎಂಬ ನೆಪವನ್ನು ಒಮ್ಮೆಯೂ ಮುಂದೆ ಮಾಡುವುದಿಲ್ಲ. ನಾನು ನೋಟ್‌ಬುಕ್ ಮುಚ್ಚಿ ನೆಲ ನೋಡುತ್ತಿದ್ದೇನೆ.

“ಅವರು ಬೆಟ್ಟಕ್ಕೆ ಹೋಗಿದ್ದು?” ಅಮ್ಮ ಕೇಳುತ್ತಾರೆ.

“ಯಾರು ಹೋಗಿದ್ರೂ ಕುದೀತಿತ್ತು, ಅಮ್ಮಾ. ಮೇಷ್ಟರ ತಪ್ಪಿರಲಿಲ್ಲ.”

ಅಮ್ಮ ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತುತ್ತಾರೆ.

“ಕೊನೆ ತನಕ ಅವರ ಕೈಗೆ ಕೀಲಿ ಕೊಡಲಿಲ್ಲ ನಾನು. ಶಾಲೆಗೆ ಬಸ್ಸಲ್ಲೇ ಓಡಾಡಿದ್ರು. ಕಣ್ಣು ಮುಚ್ಚೋ ಮುಂಚೆ ಎಲ್ಲರ ಹತ್ರ ಕೇಳಿದ ಹಾಗೆ ನನ್ನ ಹತ್ರಾನೂ ಕೇಳಿದ್ರು, ತಪ್ಪು ಮಾಡಿದ್ರೆ ಮನ್ನಿಸಿ ಕಳಿಸು ಅಂತ. ನಾನೇನಂದೆ ಗೊತ್ತಾ? ಎಲ್ಲಾ ಮನ್ನಿಸಿದೀನಿ, ಕಾರು ಹಾಳು ಮಾಡಿದ್ದನ್ನೂ ಮನ್ನಿಸಿದೀನಿ ಅಂದೆ. ಅವರು ‘ನಿನ್ನ ಉಪಕಾರ’ ಅಂದ್ರು.”

ಉಸ್ತಾ ಎದೆಯ ಮೇಲೆ ಕೈಯಿಟ್ಟು ಎದ್ದು ನಿಲ್ಲುತ್ತಾರೆ. “ನನ್ನನ್ನ ಮನ್ನಿಸಿ ಅಮ್ಮಾ.”

“ನಾನು ಯಾರು ಮನ್ನಿಸೋಕೆ? ಇದನ್ನೇ ಕಟ್ಟು. ಅವರ ಗೋರಿ ತನಕ ಹೋಗಿಬರೋ ಅಷ್ಟು ಓಡಿದ್ರೆ ಸಾಕು. ಅಲ್ಲಿ ಮೊದಲು ನಾನು ಕ್ಷಮೆ ಕೇಳ್ಕೋಬೇಕು. ಆಮೇಲೆ ನಿನ್ನ ಸರದಿ.”

“ಈ ಅಂಕಿ ಉಜ್ಜಿ ತೆಗೀಲಾ?”

“ಬೇಡ. ಕೆಲಸ ಮುಗಿಯೋ ತನಕ ದಿನಾ ನೋಡ್ತಾ ಇರು.”

ಅಮ್ಮ ಹೋದ ಮೇಲೆ ಉಸ್ತಾ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕುತ್ತಾರೆ. ಇದನ್ನೆಲ್ಲ ಬರೆಯಬಹುದೇ ಎಂದು ಹೊರಡುವ ಮುಂಚೆ ನಾನು ಕೇಳುತ್ತೇನೆ. ಅವರು ಬೋಲ್ಟಿನಿಂದ ಕಣ್ಣು ತೆಗೆಯುವುದಿಲ್ಲ.

“ಬರಿ ತಂಗಿ, ಹೆಸರು ಹಾಕಿಯೇ ಬರಿ. ಪ್ರಾಮಾಣಿಕ ಅಂತ ಮಾತ್ರ ಬರೀಬೇಡ. ಅಮ್ಮನ ಮನೆಗೂ ನಿಮ್ಮ ಪೇಪರ್ ಬರುತ್ತೆ.”