ಭುಜ ನೋಡಿ ಗೆದ್ದವಳು

ತಾಳವಾಡಿ ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿ ಅಂಗಡಿ ನಡೆಸುವ ಪಣಕಹಳ್ಳಿಯ ವೃಷಭೇಂದ್ರನ ಬೆರಳುಗಳನ್ನು ಮೆಚ್ಚದವರಿಲ್ಲ. ಕೂದಲೆಳೆಯಂಥ ತಂತಿಯನ್ನೂ ಕೈ ನಡುಗದೆ ಬೆಸೆಯುತ್ತಾನೆ. ಆ ಬೆರಳುಗಳಿಗೆ ಇನ್ನೊಂದು ಗೀಳೂ ಇದೆ, ಟಿವಿಗೆ ಜೋಡಿಸಿ ಆಡುವ ಹೊಡೆದಾಟದ ಗೇಮು. ಒಂದು ಗುದ್ದಿನ ಬೆನ್ನಿಗೇ ಒದೆ, ಎದುರಾಳಿ ನೆಲ ಮುಟ್ಟುವಷ್ಟರಲ್ಲಿ ಮತ್ತೊಂದು ಗುದ್ದು. ಕಾಂಬೋ ಎನ್ನುವ ಇಂಥ ಹೊಡೆತಗಳ ಸರಣಿಯನ್ನು ಒಬ್ಬನೇ ಕೂತು ತಿಂಗಳುಗಟ್ಟಲೆ ತಿದ್ದಿಕೊಂಡಿದ್ದಾನೆ. ಆದರೂ ಕೊಯಮತ್ತೂರಿನ ಪಂದ್ಯಗಳಿಗೆ ಹೋದಾಗಲೆಲ್ಲ ಸೋತು ಬರುತ್ತಾನೆ. ಅದೂ ಒಂದು ಕಾಂಬೋ ನೆಟ್ಟಗೆ ಬಾರದವರ ಕೈಯಲ್ಲಿ.

ಜೊತೆಯಲ್ಲಿ ಆಡುವ ಗೆಳೆಯ ಉಮಾಶಂಕರ ಅದಕ್ಕೆ ಕಾರಣ ಹೇಳಿದ್ದ. “ನೀನು ಯಾವಾಗ ಏನ್ ಮಾಡ್ತೀಯ ಅಂತ ಎಲ್ಲಾರ್ಗೂ ಗೊತ್ತು ಕಣ್ಲಾ. ಸತ್ಯಮಂಗಲದ ಬಸ್ಸಾದ್ರೂ ಒಂದಿನ ತಡವಾಗಿ ಬತ್ತದ, ನೀನು ತಪ್ಪಾಕಿಲ್ಲ.” ವೃಷಭೇಂದ್ರ ಅದನ್ನು ತಮಾಷೆಯೆಂದು ತಳ್ಳಿಹಾಕಿ, ಕಾಂಬೋಗಳನ್ನು ಇನ್ನಷ್ಟು ಚುರುಕು ಮಾಡಿಕೊಂಡ.

ಹೋದ ದೀಪಾವಳಿಯಲ್ಲಿ ಹೀಗೇ ಸೋತು ಕೂತಿದ್ದಾಗ, ಊಟಕ್ಕೆ ಕರೆದ ಹೆಂಡತಿ ರಂಜಿತಳ ಕಡೆ ಆಟದ ರಿಮೋಟನ್ನು ಬೀಸಿ ಒಗೆದಿದ್ದ. ಅವಳ ಹುಬ್ಬು ಒಡೆಯಿತು. ಮಾರನೆಯ ದಿನವೇ ಅವಳು ಹಾಸನೂರಿನ ತವರಿಗೆ ಹೊರಟುಹೋದಳು. ಎರಡು ಕಡೆಯ ಹಿರಿಯರು ಕೂತು ಮಾತಾಡಿ, ವೃಷಭೇಂದ್ರನ ತಂದೆ ನಂಜಪ್ಪ ತಾನೇ ಜವಾಬ್ದಾರಿ ಎಂದ ಮೇಲೆ ಅವಳು ಬಂದಿದ್ದು. ಬರುವಾಗ ಗಂಡನಿಗೆ ಒಂದೇ ಮಾತು ಹೇಳಿದ್ದಳು: ಇನ್ನೊಂದು ಸಲ ಹೀಗಾದರೆ ಹೋದವಳು ತಿರುಗಿ ಬರುವುದಿಲ್ಲ. ಅಂದಿನಿಂದ ಅವನೂ ದನಿ ಏರಿಸಿರಲಿಲ್ಲ. ತಾನು ಬದಲಾದೆ ಎಂದೇ ನಂಬಿದ್ದ.

ಮತ್ತೊಂದು ಪಂದ್ಯ ಹತ್ತಿರ ಬಂತು. ಉಮಾಶಂಕರನ ಮನೆಯಲ್ಲಿ ಜೋಳ ಮುರಿಯುವ ಕೆಲಸ. ಅವನು ಆಟಕ್ಕೆ ಸಿಗಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ವೃಷಭೇಂದ್ರ ರಂಜಿತಳನ್ನೇ ಎದುರಾಳಿಯಾಗಿ ಪಕ್ಕದಲ್ಲಿ ಕೂರಿಸಿಕೊಂಡು, ತಡೆಯುವ ಗುಂಡಿ ಯಾವುದು, ಒದೆಯುವ ಗುಂಡಿ ಯಾವುದು ಎಂದು ತೋರಿಸಿದ. ಅವಳು ಅಷ್ಟನ್ನೇ ಕಲಿತಳು.

ಮೊದಲನೆಯ ಆಟದಲ್ಲಿ ಅವಳು ಬೇಗ ಬಿದ್ದಳು. ಎರಡನೆಯದರಲ್ಲಿ ತಡೆದುಕೊಂಡು ಸುಮ್ಮನೆ ನಿಂತಳು. ಅವನ ಹೊಡೆತಗಳೆಲ್ಲ ತಡೆಗೇ ಬಡಿದವು. ಸಂದು ನೋಡಿ ಅವಳೊಂದು ಒದೆ ಕೊಟ್ಟಳು. ರೇಗಿ ಅವನು ಎಗರಿದ. ಕೆಳಗೆ ಕಾದಿದ್ದ ಅವಳ ಒದೆ ಮತ್ತೆ ತಗುಲಿತು. ಮತ್ತೆ ಎಗರಿದ, ಮತ್ತೆ ಬಿದ್ದ. ಆ ಆಟ ಹೋಯಿತು. ಅದರ ಮುಂದಿನದೂ ಹಾಗೇ ಹೋಯಿತು.

“ಅದೆಂಗ್ ಗೆದ್ದೆ ಅಮ್ಮಿ ನೀನು?” ಎಂದು ನಗುತ್ತಲೇ ಕೇಳಿದ.

“ನಾನು ಟಿವಿ ನೋಡ್ನೇ ಇಲ್ಲ, ನಿಮ್ಮನ್ನ ನೋಡ್ಕಂಡ್ ಆಡ್ದಿ. ಏಟ್ ಬಿದ್ದೇಟ್ಗೆ ನಿಮ್ ಎಡಭುಜ ಮ್ಯಾಕ್ಕೋಯ್ತದ. ಆಮೇಲ ಎಗರೇ ಎಗರ್ತೀರಿ.”

“ಇದ್ನೆಲ್ಲ ಯಾವಾಗ ಕಲ್ತೆ?”

“ಮದ್ವೆ ಆದಾಗ್ಲಿಂದ ಕಲೀತಾವ್ನಿ. ಅಂಗ್ಡಿಯಿಂದ ಬಂದು ನೀವು ಚಪ್ಲಿ ಬುಡೋದ್ ನೋಡುದ್ರೇ ಗೊತ್ತಾಯ್ತದ, ಇವತ್ತು ಮಾತಾಡ್ಬೇಕಾ ಬ್ಯಾಡ್ವಾ ಅಂತ.”

ಅವನ ಮುಖದ ನಗು ಹಾಗೇ ನಿಂತಿತು. ತಾನು ದನಿ ಏರಿಸದೆ ಇದ್ದ ದಿನಗಳೆಲ್ಲ ಅವಳು ಎದುರಾಳಿಯನ್ನು ಕಾಯುವಂತೆ ತನ್ನನ್ನು ಕಾಯುತ್ತಿದ್ದಳೇ? ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ಇಷ್ಟು ಸುಧಾರಿಸಿಕೊಂಡ ಮೇಲೂ ಹೀಗೆ ಅನ್ನುತ್ತಾಳಲ್ಲ ಎಂಬ ಸಿಟ್ಟೂ ಬಂತು. ತನ್ನ ಎಡಭುಜ ಮೇಲೇರಿದ್ದು ಅವನಿಗೆ ತಿಳಿಯುವ ಮೊದಲೇ ರಂಜಿತ ಎದ್ದು ಬಾಗಿಲ ಬಳಿ ಹೋಗಿ ನಿಂತಿದ್ದಳು.

ಅವನು ರಿಮೋಟನ್ನು ಮೆಲ್ಲಗೆ ಚಾಪೆಯ ಮೇಲಿಟ್ಟ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅದುಮಿಕೊಂಡ.

“ಕೂತ್ಕೊ ಬಾ. ನಾನೇನೂ ಮಾಡಾಕಿಲ್ಲ.”

ಅವಳು ಬಂದು ಕೂರಲಿಲ್ಲ, ಹೊರಗೂ ಹೋಗಲಿಲ್ಲ. ಅವನ ಭುಜವನ್ನೇ ನೋಡುತ್ತಾ ನಿಂತಿದ್ದಳು.